ಅರೆಮಂಡಿ ಕೂರುತ್ತಿಲ್ಲ, ಮಂಡಿ ನೋಯುತ್ತಿದೆ: ನೃತ್ಯದ ಮೂಲ ಚಲನೆಗಳಲ್ಲಿ ದೋಷ ಹುಡುಕುವ ಬಗೆ

ಅಭಿನಯದರ್ಪಣವೆಂಬ ಹಳೆಯ ನೃತ್ಯಗ್ರಂಥ ಕಾಲಿನ ಕೆಲಸವನ್ನು ನಾಲ್ಕಾಗಿ ವಿಂಗಡಿಸುತ್ತದೆ. ನಿಲ್ಲುವ ಮಂಡಲ 10, ಹಾರುವ ಉತ್ಪ್ಲವನ 5, ಸುತ್ತುವ ಭ್ರಮರಿ 7, ನಡೆಯುವ ಚಾರಿ 8. ಶಾಲೆಯ ದೈಹಿಕ ಶಿಕ್ಷಣ ಇದನ್ನೇ ನಿಂತಲ್ಲೇ ಮಾಡುವ ಚಲನೆ, ಜಾಗ ಬದಲಿಸುವ ಚಲನೆ ಎಂದು ಕಲಿಸುತ್ತದೆ. ಹೆಸರು ಯಾವುದಾದರೂ ಇರಲಿ, ಮೈಯಲ್ಲಿ ದುಡಿಯುವ ಕೀಲುಗಳು ಅವೇ. ಸೊಂಟದ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ, ಪಾದದ ಹರಡೂ ಸಾಕಷ್ಟು ಆಡುತ್ತದೆ. ನಡುವೆ ಇರುವ ಮಂಡಿ ಮಾತ್ರ ಮುಖ್ಯವಾಗಿ ಮಡಚಲು, ಬಿಚ್ಚಲು ಇರುವ ಕೀಲು. ಮೇಲಿನವರೋ ಕೆಳಗಿನವರೋ ಮಾಡದೆ ಬಿಟ್ಟ ಕೆಲಸ ಅದರ ತಲೆಗೆ ಬರುತ್ತದೆ. ನೋವು ಮಂಡಿಯಲ್ಲಿದೆ ಎಂದು ಮಂಡಿಗೆ ಮಾತ್ರ ಎಣ್ಣೆ ಹಚ್ಚುತ್ತಾ ಕೂತರೆ ವರ್ಷ ಕಳೆದರೂ ದೋಷ ಸಿಗದಿರುವುದು ಈ ಕಾರಣಕ್ಕೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಭರತನಾಟ್ಯ ಕಲಿಯುವವರಿಗೆ, ಕಲಿಸುವವರಿಗೆ. ಪಾದವನ್ನೂ ಮಂಡಿಯನ್ನೂ ಪಕ್ಕಕ್ಕೆ ತೆರೆದು ಅರ್ಧ ಕೂರುವ ಅದರ ಮೂಲ ಭಂಗಿಯೇ ಅರೆಮಂಡಿ. ಯಕ್ಷಗಾನ, ಡೊಳ್ಳು ಕುಣಿತ, ಶಾಲೆಯ ಕವಾಯತು ಮಾಡಿಸುವವರಿಗೂ ಹಾರುವ ಮತ್ತು ಸುತ್ತುವ ಭಾಗ ಹಾಗೆಯೇ ಅನ್ವಯಿಸುತ್ತದೆ.

ಪರೀಕ್ಷೆಗೆ ಬೇಕಾದದ್ದು ಒಂದು ಗೋಡೆ, ಸೀಮೆಸುಣ್ಣ, ಅಳತೆಪಟ್ಟಿ, 15ರಿಂದ 20 ಸೆಂಟಿಮೀಟರ್ ಎತ್ತರದ ಮೆಟ್ಟಿಲು, ವಿಡಿಯೊ ತೆಗೆಯುವ ಒಂದು ಫೋನ್. ಬರಿಗಾಲು, ಮಂಡಿ ಕಾಣುವ ಉಡುಪು. ಸೀರೆಯ ನೆರಿಗೆಯೋ ಸಡಿಲ ಪೈಜಾಮವೋ ಇದ್ದರೆ ನೋಡಬೇಕಾದ್ದೇ ಮುಚ್ಚಿಹೋಗುತ್ತದೆ. ಯಾವ ಪರೀಕ್ಷೆಗೂ ಮೊದಲು ಎಂಟು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ತಣ್ಣನೆಯ ಮೈ ತೋರಿಸುವ ಬಿಗಿತವೆಲ್ಲ ದೋಷವಲ್ಲ.

ಒಂದು ಅಳತೆಗೋಲು ಕೊನೆವರೆಗೂ ಕೈಯಲ್ಲಿರಲಿ. ಹತ್ತರಲ್ಲಿ ಮೂರರಷ್ಟು ನೋವು, ಅದೂ ಮರುದಿನ ಬೆಳಗ್ಗೆ ಇಲ್ಲದಂತೆ ಹೋದರೆ, ಅಭ್ಯಾಸ ತಗ್ಗಿಸಿ ಮುಂದುವರಿಸಬಹುದು. ಚುಚ್ಚಿದಂಥ ನೋವು, ಊತ, ಕುಂಟುವಿಕೆ, ಕೀಲು ಸಿಕ್ಕಿಹಾಕಿಕೊಂಡಂತಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಆ ದಿನದ ಅಭ್ಯಾಸ ಅಲ್ಲಿಗೇ ನಿಲ್ಲಬೇಕು.

ಅರೆಮಂಡಿಯಲ್ಲಿ ಮಂಡಿಯ ಒಳಬದಿ ನೋಯುತ್ತದೆ

ಅತಿ ಹೆಚ್ಚು ಕಾಣುವ ದೂರು ಇದು. ಅತಿ ಹೆಚ್ಚು ತಪ್ಪು ಮದ್ದು ಸಿಗುವುದೂ ಇದಕ್ಕೇ.

ಫೋನನ್ನು ಮಂಡಿಯ ಎತ್ತರಕ್ಕೆ, ಎದುರಿಗೆ ಇಟ್ಟು ಅರೆಮಂಡಿಯಲ್ಲಿ ಕೂರಿಸಿ. ಮಂಡಿಚಿಪ್ಪಿನ ನಡುವಿಂದ ನೆಲಕ್ಕೆ ಒಂದು ದಾರ ಇಳಿಬಿಟ್ಟಂತೆ ಕಲ್ಪಿಸಿಕೊಳ್ಳಿ. ಅದು ಎರಡನೇ ಬೆರಳಿನ ಮೇಲೆ ಬಿದ್ದರೆ ಸರಿ. ಹೆಬ್ಬೆರಳಿಗಿಂತ ಒಳಗೆ ಬಿದ್ದರೆ ಪಾದ ತೆರೆದಿದೆ, ತೊಡೆ ತೆರೆದಿಲ್ಲ. ನಡುವಿನ ವ್ಯತ್ಯಾಸವನ್ನು ಮಂಡಿ ತಿರುಚಿಕೊಂಡು ತುಂಬುತ್ತಿದೆ. ಆಗ ಪಾದದ ಒಳಬದಿಯ ಕಮಾನೂ ಕುಸಿದಿರುತ್ತದೆ, ಹೆಬ್ಬೆರಳಿನ ಬುಡಕ್ಕೆ ಭಾರ ಬಿದ್ದು ಕಿರುಬೆರಳು ಹಗುರಾಗಿರುತ್ತದೆ.

ಎಷ್ಟು ವ್ಯತ್ಯಾಸ ಎಂದು ತಿಳಿಯಲು ಸೀಮೆಸುಣ್ಣ ಸಾಕು. ಸಮಪಾದದಲ್ಲಿ, ಅಂದರೆ ಎರಡೂ ಪಾದ ಜೋಡಿಸಿ, ಮಂಡಿ ನೇರವಾಗಿಟ್ಟು ನಿಲ್ಲಿಸಿ. ಹಿಮ್ಮಡಿ ಕೂಡಿಸಿಕೊಂಡೇ, ಪೃಷ್ಠದ ಸ್ನಾಯು ಬಿಗಿದು, ತೊಡೆಯಿಂದ ಮಾತ್ರ ಕಾಲು ಹೊರಗೆ ತಿರುಗಿಸಲಿ. ಪಾದ ನಿಂತ ಕಡೆ ಗೆರೆ ಎಳೆಯಿರಿ. ಈಗ ಅರೆಮಂಡಿಗೆ ಇಳಿಯಲಿ. ಪಾದ ಗೆರೆ ದಾಟಿ ಇನ್ನೂ ಅಗಲವಾದರೆ, ದಾಟಿದಷ್ಟೂ ಮಂಡಿಯ ಮೇಲಿನ ಸಾಲ. ಕಾರಣ ಸರಳ: ನೇರವಾದ ಮಂಡಿ ಬೀಗ ಹಾಕಿದಂತೆ ಗಟ್ಟಿ, ಅದರಲ್ಲಿ ತಿರುಚಲು ಆಸ್ಪದವಿಲ್ಲ. ಮಡಚಿದ ಮಂಡಿಯಲ್ಲಿ ಸ್ವಲ್ಪ ಸಡಿಲವಿದೆ. ಮಕ್ಕಳು ಆ ಸಡಿಲವನ್ನು ಬಳಸಿಕೊಂಡು ಪಾದವನ್ನು ಅಡ್ಡಕ್ಕೆ ನೆಟ್ಟುಬಿಡುತ್ತಾರೆ. ಹಾಗೆ ನೆಟ್ಟ ಪಾದ ಬಿಡಿಸದೆಯೇ ಎದ್ದು ನಿಂತಾಗ ಆಗುವ ತಿರುಚು ಇದ್ದುದರಲ್ಲಿ ಕೆಟ್ಟದ್ದು. ಮುಳುಮಂಡಿಯಿಂದ (ಪೂರ್ತಿ ಕೆಳಗೆ ಕೂರುವ ಭಂಗಿ) ಏಳುವಾಗ ಇದನ್ನು ವಿಶೇಷವಾಗಿ ಗಮನಿಸಿ.

ಮದ್ದು: ಪಾದವನ್ನು ಗೆರೆಯೊಳಗೆ ತನ್ನಿ, ಆಳ ಕಡಿಮೆ ಮಾಡಿ. ಎರಡು ಪಾದಗಳ ನಡುವೆ 180 ಡಿಗ್ರಿ ಆಗಲೇಬೇಕೆಂಬ ಹಟ ಬೇಡ. 110 ಡಿಗ್ರಿಯಲ್ಲಿ ಮಂಡಿ ಬೆರಳಿನ ಮೇಲಿದ್ದರೆ ಅದು ಶುದ್ಧ ಅರೆಮಂಡಿ. 180ರಲ್ಲಿ ಮಂಡಿ ಒಳಗೆ ಬಿದ್ದಿದ್ದರೆ ನೋಡುವವರಿಗೂ ಅದು ವಜ್ರಾಕೃತಿಯಾಗಿ ಕಾಣುವುದಿಲ್ಲ. ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಕೂಡಿಸಿಟ್ಟುಕೊಂಡೇ ಮೇಲಿನ ಮಂಡಿಯನ್ನು ಚಿಪ್ಪು ತೆರೆದಂತೆ ಎತ್ತುವ ವ್ಯಾಯಾಮವನ್ನು ಪ್ರತಿ ಬದಿಗೆ 12ರಂತೆ ಮೂರು ಸುತ್ತು, ವಾರಕ್ಕೆ ನಾಲ್ಕು ದಿನ ಮಾಡಿಸಿ. ತೊಡೆಯನ್ನು ಹೊರಗೆ ತಿರುಗಿಸಿ ಹಿಡಿಯುವ ಸ್ನಾಯುಗಳಿಗೆ ಬಲ ಬರಲು ಆರೆಂಟು ವಾರ ಬೇಕು.

ಇಷ್ಟಾದರೂ ತೊಡೆ ತೆರೆಯದಿದ್ದರೆ ಮುಂದಿನ ಪರೀಕ್ಷೆ. ಬೋರಲಾಗಿ ಮಲಗಿಸಿ, ಮಂಡಿಗಳನ್ನು ಕೂಡಿಸಿ 90 ಡಿಗ್ರಿಗೆ ಮಡಚಿ. ಪಾದಗಳು ಹೊರಕ್ಕೆ ಬಿದ್ದರೆ ಅದು ತೊಡೆಯ ಒಳತಿರುವು. ಒಂದೊಂದೇ ಪಾದವನ್ನು ಇನ್ನೊಂದು ಕಾಲಿನ ಕಡೆಗೆ ತಂದರೆ ಅದು ಹೊರತಿರುವು. ಹೊರತಿರುವು ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸು ಸಿಗುತ್ತದೆ. ಒಳಗೆ 70, ಹೊರಗೆ 20 ಎಂಬಂತಿದ್ದರೆ ತೊಡೆಮೂಳೆಯ ಕುತ್ತಿಗೆಯೇ ಮುಂದಕ್ಕೆ ತಿರುಗಿ ಬೆಳೆದಿದೆ ಎಂದರ್ಥ. ಪಾದಗಳನ್ನು ಎರಡೂ ಬದಿಗೆ ಚಾಚಿ ಪೃಷ್ಠವನ್ನು ನೆಲಕ್ಕೆ ಊರಿ ಕೂರಲು ಇಷ್ಟಪಡುವ, ನಡೆಯುವಾಗ ಮುಂಗಾಲು ಒಳಕ್ಕೆ ಹಾಕುವ ಮಕ್ಕಳಲ್ಲಿ ಇದು ಹೆಚ್ಚು. ಬೆಳೆಯುತ್ತ ಬೆಳೆಯುತ್ತ ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿ ತಗ್ಗುತ್ತದೆ. ಮೂಳೆಯ ಆಕಾರವನ್ನು ಯಾವ ಎಳೆತವೂ ಬದಲಿಸದು. ಮಗುವಿನ ತೊಡೆಯ ಮೇಲೆ ನಿಂತು, ಕೂತು, ಒತ್ತಿ ‘ಬಿಡಿಸುವ’ ಪದ್ಧತಿ ಎಲ್ಲಿದ್ದರೂ ಇಂದೇ ನಿಲ್ಲಬೇಕು. ತೊಡೆಸಂದಿಯ ಮುಂದೆ ಚಿವುಟಿದಂತಾದರೆ ಮೂಳೆಗೆ ಮೂಳೆ ತಾಗುತ್ತಿದೆ, ಅಲ್ಲಿಂದಾಚೆ ಹೋಗಬೇಡಿ.

ನೋವು ಒಳಬದಿಯಲ್ಲಿರದೆ ಚಿಪ್ಪಿನ ಹಿಂದೆ ಇದ್ದು, ಮೆಟ್ಟಿಲಿಳಿಯುವಾಗ, ಬಹಳ ಹೊತ್ತು ಮಂಡಿ ಮಡಚಿ ಕೂತು ಏಳುವಾಗ ಹೆಚ್ಚಾದರೆ ಚಿಪ್ಪಿನ ಮೇಲೆ ಹೊರೆ ಜಾಸ್ತಿಯಾಗಿದೆ. ಎರಡು ವಾರ ಆಳವನ್ನೂ ಹಿಡಿಯುವ ಹೊತ್ತನ್ನೂ ಅರ್ಧಕ್ಕೆ ಇಳಿಸಿ. 10ರಿಂದ 14 ವರ್ಷದವರಲ್ಲಿ ಚಿಪ್ಪಿನ ಕೆಳಗಿನ ಮೂಳೆಗುಬುಟು ಉಬ್ಬಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಬೆಳೆಯುವ ಮೂಳೆಯನ್ನು ಸ್ನಾಯುರಜ್ಜು ಎಳೆಯುತ್ತಿರುವ ನೋವು. ಮೂಳೆ ಬಲಿತಾಗ ಹೋಗುತ್ತದೆ. ಅಲ್ಲಿಯವರೆಗೆ ಹಾರುವುದು, ಮಂಡಿ ನೆಲಕ್ಕೂರುವುದು ಕಡಿಮೆ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಮಂಡಿಯೂರಿ ಸುತ್ತುವ ಮಂಡಿ ಕುಣಿತ ಕಲಿಯುವ ಹುಡುಗರಲ್ಲಿ ಈ ನೋವು ಕಂಡರೆ ಆ ಕುಣಿತವನ್ನು ಪೂರ್ತಿ ಬದಿಗಿಡಿ.

ಮಂಡಿ 24 ಗಂಟೆಯೊಳಗೆ ಊದಿದರೆ, ಪೂರ್ತಿ ನೇರವಾಗದಿದ್ದರೆ, ನಡೆಯುವಾಗ ಕುಸಿದರೆ ಮೂಳೆ ವೈದ್ಯರ ಬಳಿ ಹೋಗಿ. ಅದು ಮನೆಯಲ್ಲಿ ಪರೀಕ್ಷಿಸುವ ಹಂತ ದಾಟಿದೆ.

ಹಿಮ್ಮಡಿ ಏಳುತ್ತದೆ, ಮೈ ಮುಂದಕ್ಕೆ ಬಾಗುತ್ತದೆ

ಬಸ್ಕಿ ಹೊಡೆಯುವಾಗ ಮುಂಡ ಮುಂದೆ ಬಾಗುವುದು ಸಹಜ. ಮಂಡಿ ಮುಂದೆ ಹೋಗುತ್ತದೆ, ಪೃಷ್ಠ ಹಿಂದೆ ಹೋಗುತ್ತದೆ, ತೂಕ ಪಾದದ ಮೇಲೆ ಉಳಿಯಲು ಎದೆ ಮುಂದೆ ಬರಲೇಬೇಕು. ಅರೆಮಂಡಿಯಲ್ಲಿ ಮಂಡಿ ಪಕ್ಕಕ್ಕೆ ಹೋಗುವುದರಿಂದ ಪೃಷ್ಠ ಹಿಮ್ಮಡಿಯ ನೇರಕ್ಕೇ ಇಳಿಯುತ್ತದೆ, ಬಾಗುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಮೈ ಬಾಗಿದೆ ಎಂದರೆ ತೊಡೆ ಪಕ್ಕಕ್ಕೆ ತೆರೆಯದೆ ಮಂಡಿ ಮುಂದೆ ಬಂದಿದೆ ಎಂದು ಮೊದಲು ಶಂಕಿಸಿ. ‘ಬೆನ್ನು ನೆಟ್ಟಗೆ’ ಎಂದು ನೂರು ಸಲ ಕೂಗಿದರೆ ಮಗು ಸೊಂಟವನ್ನು ಬಿಲ್ಲಿನಂತೆ ಬಗ್ಗಿಸಿ ಎದೆ ಎತ್ತುತ್ತದೆ. ಒಂದು ದೋಷ ಎರಡಾಗುತ್ತದೆ.

ಗೋಡೆಗೆ ಹಿಮ್ಮಡಿ ತಾಗಿಸಿ, ಪಾದ ಗೆರೆಯಷ್ಟೇ ತೆರೆದು, ಬೆನ್ನು ಗೋಡೆಯ ಮೇಲೆ ಜಾರುವಂತೆ ಇಳಿಸಿ. ಪೃಷ್ಠ, ಮೇಲ್ಬೆನ್ನು, ತಲೆಯ ಹಿಂಭಾಗ ಮೂರೂ ತಾಗಿರಬೇಕು. ಸೊಂಟದ ಹಿಂದೆ ಅಂಗೈ ತೂರುವಷ್ಟು ಜಾಗ ಸಹಜ, ಮುಷ್ಟಿ ತೂರಿದರೆ ಬಿಲ್ಲು ಬಾಗಿದೆ. ಮೂರರಲ್ಲಿ ಒಂದು ಗೋಡೆ ಬಿಟ್ಟ ಕ್ಷಣದ ಆಳವೇ ಆ ದಿನದ ನಿಜವಾದ ಆಳ. ಅಲ್ಲೇ 20 ಸೆಕೆಂಡ್ ಹಿಡಿದು, ಎದ್ದು, ಐದು ಸಲ.

ಹಿಮ್ಮಡಿ ಏಳುವುದಾದರೆ ಹರಡನ್ನು ಅಳೆಯಿರಿ. ಗೋಡೆಗೆ ಎದುರಾಗಿ ಒಂದು ಪಾದ ಮುಂದಿಟ್ಟು, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ಮುಟ್ಟಿಸಬೇಕು. ಮುಟ್ಟುವಷ್ಟರಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ? ಹತ್ತು ಸೆಂಟಿಮೀಟರ್ ಬಂದರೆ ಸಾಕಷ್ಟಾಯಿತು. ಏಳಕ್ಕಿಂತ ಕಡಿಮೆಯಾದರೆ, ಇಲ್ಲವೇ ಎರಡು ಕಾಲಿಗೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷ ಇಲ್ಲಿದೆ. ಎಳೆತ ಹಿಂದೆ ಮೀನಖಂಡದಲ್ಲಿ ಅನಿಸಿದರೆ ಸ್ನಾಯು ಬಿಗಿ: ಮಂಡಿ ನೇರವಿಟ್ಟು 30 ಸೆಕೆಂಡ್, ಮಂಡಿ ಮಡಚಿ 30 ಸೆಕೆಂಡ್, ತಲಾ ಮೂರು ಸಲ, ದಿನವೂ ಹಿಗ್ಗಿಸಿ. ಹರಡಿನ ಮುಂದೆ ಅಡ್ಡಗಟ್ಟಿದಂತೆ ಅನಿಸಿದರೆ ಹಿಗ್ಗಿಸುವುದರಿಂದ ಪ್ರಯೋಜನವಿಲ್ಲ. ಹಳೆಯ ಉಳುಕು ಇತ್ತೇ ಎಂದು ಕೇಳಿ, ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ತಟ್ಟಿದರೆ ಅಂಗಾಲು ಉರಿ, ಕಣಕಾಲ ಮೂಳೆ ನೋವು

ಮೊದಲು ಕಿವಿಯಿಂದ ಪರೀಕ್ಷಿಸಿ. ನೆಲಕ್ಕೆ ಕಾಲು ತಟ್ಟುವ ಮೂಲ ಹೆಜ್ಜೆಯಾದ ತಟ್ಟಡವಿನಲ್ಲಿ ಅಂಗಾಲು ಪೂರ್ತಿ ಒಂದೇ ಸಲ ನೆಲ ಮುಟ್ಟಿದರೆ ಒಂದೇ ಚೊಕ್ಕ ಸದ್ದು. ‘ಟಪ್‌ಟಪ್’ ಎಂದು ಎರಡಾಗಿ ಕೇಳಿದರೆ ಹಿಮ್ಮಡಿ ಒಮ್ಮೆ, ಮುಂಗಾಲು ಒಮ್ಮೆ ಬೀಳುತ್ತಿದೆ. ಕುಟ್ಟಿದಂಥ ಭಾರದ ಸದ್ದಾದರೆ ತಟ್ಟುವ ಕಾಲಿನ ಮೇಲೆ ಇಡೀ ಮೈ ಬೀಳುತ್ತಿದೆ. ಮೈತೂಕ ನಡುವೆಯೇ ಉಳಿದು ಕಾಲು ಮಾತ್ರ ಬೀಳಬೇಕು. ಬಲಗಾಲು ತಟ್ಟುವಾಗ ತಲೆ ಬಲಕ್ಕೆ ಓಲಾಡುತ್ತಿದೆಯೇ ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು ನೆಲ. ಕಾಂಕ್ರೀಟಿನ ಮೇಲೆ ಗ್ರಾನೈಟ್ ಅಥವಾ ಟೈಲ್ಸ್ ಹಾಸಿದ ನೆಲ ಪೆಟ್ಟನ್ನು ಹೀರುವುದೇ ಇಲ್ಲ, ಕೊಟ್ಟದ್ದನ್ನು ಹಾಗೆಯೇ ಕಾಲಿಗೆ ಹಿಂದಿರುಗಿಸುತ್ತದೆ. ಊರಿನ ಮನೆಯ ಸಗಣಿ ಸಾರಿಸಿದ ಮಣ್ಣಿನ ನೆಲವೋ ಮರದ ಹಲಗೆಯ ವೇದಿಕೆಯೋ ಹಾಗಲ್ಲ. ಬೇರೆ ನೆಲ ಸಿಗದಿದ್ದರೆ ಗಟ್ಟಿ ರಬ್ಬರ್ ಹಾಸು ಹಾಕಿ. ಮೆತ್ತನೆಯ ಯೋಗ ಮ್ಯಾಟು ಬೇಡ, ಅದು ಪಾದವನ್ನು ಅಂಟಿಸಿಕೊಂಡು ತಿರುಗುವಾಗ ಮಂಡಿಯನ್ನು ತಿರುಚುತ್ತದೆ.

ಮೂರನೆಯದು ಲೆಕ್ಕ. ಇದನ್ನು ಬಹುತೇಕರು ಮಾಡುವುದೇ ಇಲ್ಲ. ಕಾಲವೆಂದರೆ ಇಲ್ಲಿ ವೇಗ: ನಿಮಿಷಕ್ಕೆ 60 ತಾಳಕ್ಕೆ ಒಂದನೇ ಕಾಲದಲ್ಲಿ 60 ತಟ್ಟು, ಎರಡನೇ ಕಾಲದಲ್ಲಿ 120, ಮೂರನೇ ಕಾಲದಲ್ಲಿ 240. ಮೂರೂ ಕಾಲ ಹತ್ತು ಹತ್ತು ನಿಮಿಷ ಮಾಡಿದರೆ ಒಟ್ಟು 4,200 ತಟ್ಟು, ಅದರಲ್ಲಿ 2,400 ಮೂರನೇ ಕಾಲದ್ದೇ. ಪರೀಕ್ಷೆ ಹತ್ತಿರ ಬಂತೆಂದು, ರಂಗಪ್ರವೇಶ ಬಂತೆಂದು ಅಭ್ಯಾಸವನ್ನು ಒಮ್ಮೆಲೆ ಎರಡು ಪಟ್ಟು ಮಾಡಿದ ಮೂರ್ನಾಲ್ಕು ವಾರಕ್ಕೆ ಕಣಕಾಲು ನೋಯಲು ಶುರುವಾಗುವುದು ಕಾಕತಾಳೀಯವಲ್ಲ. ನೋವಿದ್ದಾಗ ಮೊದಲು ಕಡಿತಗೊಳಿಸಬೇಕಾದದ್ದು ಮೂರನೇ ಕಾಲ. ಕೂತು ಕೈಯಲ್ಲಿ ತಾಳ ಹಾಕಿ, ಸೊಲ್ಲುಕಟ್ಟು (ಹೆಜ್ಜೆಗೆ ಬಾಯಲ್ಲಿ ಹೇಳುವ ತಾಳದ ಬೋಲು) ಹೇಳಿಕೊಂಡು ಲಯ ಉಳಿಸಿಕೊಳ್ಳಬಹುದು.

ಈಗ ಬೆರಳಿನಿಂದ ಮಂಡಿಗೂ ಹರಡಿಗೂ ನಡುವಿನ ಕಣಕಾಲ ಮೂಳೆಯ ಒಳಅಂಚನ್ನು ಒತ್ತುತ್ತಾ ಬನ್ನಿ. ಐದು ಸೆಂಟಿಮೀಟರಿಗಿಂತ ಉದ್ದಕ್ಕೆ ನೋವು ಹರಡಿದ್ದರೆ, ಮೈ ಬಿಸಿಯಾದಾಗ ತಗ್ಗಿದರೆ, ಅದು ಹೆಚ್ಚಿದ ಹೊರೆಯ ನೋವು. ಎರಡು ಮೂರು ವಾರ ತಟ್ಟು ತಗ್ಗಿಸಿದರೆ ಇಳಿಯುತ್ತದೆ. ಒಂದೇ ಬೆರಳಿನಿಂದ ತೋರಿಸಬಹುದಾದ ಒಂದೇ ಚುಕ್ಕೆಯಲ್ಲಿ ನೋವು, ರಾತ್ರಿ ಮಲಗಿದಾಗಲೂ ನೋವು, ಒಂಟಿಗಾಲಲ್ಲಿ ಕುಪ್ಪಳಿಸಿದರೆ ಅಲ್ಲೇ ಚುಚ್ಚು ಇದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ತಟ್ಟುವುದು, ಹಾರುವುದು ಎರಡನ್ನೂ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ಎಕ್ಸ್‌ರೇ ಸರಿಯಿದೆ ಎಂದು ಮತ್ತೆ ತಟ್ಟಲು ಶುರುಮಾಡಬೇಡಿ. ಹುಡುಗಿಯರಲ್ಲಿ ಇಂಥ ನೋವಿನ ಜೊತೆ ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ, ತೆಳ್ಳಗಿರಬೇಕೆಂದು ಊಟ ಬಿಡುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಊಟ ಸಾಲದ ಮೈ ಮೂಳೆಯನ್ನೂ ಬಡವಾಗಿಸುತ್ತದೆ.

ಎಂಟರಿಂದ 14 ವರ್ಷದ ಮಗುವಿನ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ನೋವಾದರೆ ಅದು ಬೆಳವಣಿಗೆಯ ತಟ್ಟೆಯ ನೋವು. ದೊಡ್ಡವರಲ್ಲಿ ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿಯ ಕೆಳಗೆ ಚುಚ್ಚಿದರೆ ಅಂಗಾಲಿನ ಪಟ್ಟಿ ಕೆರಳಿದೆ. ಎರಡಕ್ಕೂ ಮೀನಖಂಡ ಹಿಗ್ಗಿಸುವುದು, ತಟ್ಟು ತಗ್ಗಿಸುವುದು, ಮನೆಯೊಳಗೂ ಮೆತ್ತನೆಯ ಚಪ್ಪಲಿ.

ಹಾರಿ ಇಳಿದಾಗ ಧೊಪ್ಪೆಂದು ಸದ್ದು

ಇಳಿಯುವ ಸದ್ದು ಜೋರಾದಷ್ಟೂ ಪೆಟ್ಟು ಕೀಲಿಗೆ ಹೋಗಿದೆ. ಮೆಟ್ಟಿಲ ಮೇಲಿಂದ ಎರಡೂ ಕಾಲಲ್ಲಿ ಇಳಿಸಿ, ಎದುರಿನಿಂದ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿ. ಬೆರಳ ತುದಿ, ಮುಂಗಾಲು, ಹಿಮ್ಮಡಿ ಈ ಕ್ರಮದಲ್ಲಿ ಪಾದ ಉರುಳಬೇಕು, ಅದೇ ಹೊತ್ತಿಗೆ ಮಂಡಿ ಮಡಚಬೇಕು. ಇಳಿದ ಕ್ಷಣ ಎರಡೂ ಮಂಡಿ ಒಂದಕ್ಕೊಂದು ಹತ್ತಿರ ಬಂದರೆ ಅದು ಎಚ್ಚರಿಕೆ. ಮಂಡಿಯೊಳಗಿನ ಅಡ್ಡಕಟ್ಟು (ಎಸಿಎಲ್ ಎಂಬ ಅಸ್ಥಿರಜ್ಜು) ಹರಿಯುವುದು ಹೆಚ್ಚಾಗಿ ಇಂಥ ಇಳಿತದಲ್ಲಿ. ಸದ್ದಿಲ್ಲದೆ ಐದು ಸಲ ಇಳಿಯಲು ಬರುವವರೆಗೆ ಎತ್ತರ ಹೆಚ್ಚಿಸಬೇಡಿ, ಒಂಟಿಗಾಲಿನ ಹಾರುವಿಕೆಗೂ ಹೋಗಬೇಡಿ.

ಕುದಿತ್ತು ಮೆಟ್ಟಡವು ಮಾತ್ರ ಬೇರೆ. ಅಲ್ಲಿ ಮುಂಗಾಲಿನ ಮೇಲೆ ಚಿಮ್ಮಿ, ಆಮೇಲೆ ಹಿಮ್ಮಡಿಯನ್ನು ಬೇಕೆಂದೇ ತಟ್ಟುತ್ತೇವೆ, ಸದ್ದು ಬೇಕು. ಅಲ್ಲಿನ ದೋಷ ಸದ್ದಲ್ಲ, ಚಿಮ್ಮುವಾಗ ಅರೆಮಂಡಿ ಬಿಚ್ಚಿಹೋಗುವುದು. ತಲೆಯ ಹಿಂದೆ ಗೋಡೆಯ ಮೇಲೊಂದು ಗೆರೆ ಹಾಕಿ: ತಲೆ ಗೆರೆಗಿಂತ ಒಂದು ಗೇಣು ಮೇಲೆ ಹೋಗುತ್ತಿದ್ದರೆ ಮಂಡಿ ನೇರವಾಗುತ್ತಿದೆ.

ಯಕ್ಷಗಾನದ ತೆಂಕುತಿಟ್ಟಿನಲ್ಲಿ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕುವವರು ವೇಷವಿಲ್ಲದೆ ಸದ್ದಿಲ್ಲದೆ ಇಳಿದು, ವೇಷ ಕಟ್ಟಿದಾಗ ಧೊಪ್ಪೆಂದರೆ ದೋಷ ತಂತ್ರದ್ದಲ್ಲ, ತೂಕದ್ದು. ಡೊಳ್ಳು ಕಟ್ಟಿ ಹಾರುವವರಿಗೂ ಅಷ್ಟೇ. ತೂಕವಿಟ್ಟು ಅಭ್ಯಾಸ ಮಾಡುವಾಗ ಹಾರುವ ಎಣಿಕೆಯನ್ನು ಅರ್ಧದಿಂದ ಶುರುಮಾಡಿ.

ಹರಡು ಉಳುಕಿತೇ? ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಇಲ್ಲವೇ ಹರಡಿನ ಒಳಬದಿಯ ಅಥವಾ ಹೊರಬದಿಯ ಮೂಳೆಗಂಟಿನ ತುದಿ ಅಥವಾ ಹಿಂದಿನ ಅಂಚು ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಎರಡೂ ಇಲ್ಲವಾದರೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಬಿಗಿ ಪಟ್ಟಿ, ಕಾಲು ಮೇಲೆ. ಉಳುಕನ್ನು ‘ತೆಗೆಸಲು’ ತಿರುಚಿ ಎಳೆಸುವುದು, ಮೊದಲ ಎರಡು ದಿನ ಬಿಸಿ ಶಾಖ ಕೊಡುವುದು, ಬಿಸಿ ಎಣ್ಣೆ ತಿಕ್ಕುವುದು ಊತ ಹೆಚ್ಚಿಸುತ್ತವೆ.

ಭ್ರಮರಿಯಲ್ಲಿ ತಲೆ ಸುತ್ತುವುದು, ಜಾಗ ಬಿಟ್ಟು ಸರಿಯುವುದು

ಒಳಕಿವಿಯ ಕೊಳವೆಗಳಲ್ಲಿ ದ್ರವವಿದೆ. ನೀವು ನಿಂತರೂ ಅದು ಕೆಲವು ಸೆಕೆಂಡ್ ಸುತ್ತುತ್ತಲೇ ಇರುತ್ತದೆ, ಅದಕ್ಕೇ ಲೋಕ ತಿರುಗಿದಂತಾಗುವುದು. ಕಣ್ಣೆತ್ತರಕ್ಕೆ ಗೋಡೆಯಲ್ಲೊಂದು ಗುರುತು ಹಾಕಿ, ಮೈ ತಿರುಗಿದರೂ ಕಣ್ಣು ಅದನ್ನು ಸಾಧ್ಯವಾದಷ್ಟು ಹೊತ್ತು ಹಿಡಿದಿರಲಿ, ಆಮೇಲೆ ತಲೆ ಚಟ್ಟನೆ ತಿರುಗಿ ಮತ್ತೆ ಅದನ್ನೇ ಹಿಡಿಯಲಿ. ಕಾಲು ಗಂಟೆ ಮೊದಲು ಹೊಟ್ಟೆ ತುಂಬ ತಿಂದಿದ್ದರೆ, ಅಥವಾ ಬೆಳಗಿನಿಂದ ಏನೂ ತಿಂದಿರದಿದ್ದರೆ ದೋಷ ಅಲ್ಲೂ ಇರಬಹುದು.

ಸರಿಯುವುದನ್ನು ಪತ್ತೆ ಮಾಡಲು ನೆಲದ ಮೇಲೆ ಕೂಡು ಗುರುತು ಹಾಕಿ ನಾಲ್ಕು ಸುತ್ತು ಸುತ್ತಿಸಿ. ಪ್ರತಿಸಲ ಹಿಂದಕ್ಕೇ ಸರಿದರೆ ಭಾರ ಹಿಮ್ಮಡಿಯ ಮೇಲಿದೆ. ಆಧಾರದ ಕಾಲಿನ ಕಡೆಗೇ ಸರಿದರೆ ಸೊಂಟ ಪಕ್ಕಕ್ಕೆ ಜೋತಿದೆ. ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ಆದರೆ ಆ ಕಾಲಿನಲ್ಲಿ 30 ಸೆಕೆಂಡ್ ಅಲುಗದೆ ನಿಲ್ಲಬಲ್ಲರೇ ನೋಡಿ. ನಿಲ್ಲಲಾಗದವರಿಗೆ ಸುತ್ತು ಕಲಿಸುವುದು ಇನ್ನೂ ಬೇಗವಾಯಿತು.

ನಿಂತು ಒಂದು ನಿಮಿಷವಾದರೂ ಸುತ್ತು ನಿಲ್ಲದಿದ್ದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೂ ಬಂದರೆ ಕಿವಿ ಮೂಗು ಗಂಟಲು ವೈದ್ಯರು. ಕುಣಿಯುವಾಗಲೇ ಪ್ರಜ್ಞೆ ತಪ್ಪಿದರೆ, ಎದೆ ನೋವು ಬಂದರೆ ‘ಉಪವಾಸ ಇದ್ದಳು’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಹೃದಯ ಪರೀಕ್ಷೆ ಆಗುವವರೆಗೆ ಮತ್ತೆ ಕುಣಿಸಕೂಡದು.

ನಾಟ್ಯಾರಂಭದಲ್ಲಿ ಮೊಣಕೈ ಜೋಲುತ್ತದೆ, ಕುತ್ತಿಗೆ ಬುಡ ಉರಿಯುತ್ತದೆ

ನಾಟ್ಯಾರಂಭ ಎಂದರೆ ಎರಡೂ ಕೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ ಹಿಡಿಯುವ ಭಂಗಿ. ಕೈ ಎತ್ತುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಭುಜದ ಕೀಲಿನದು, ಒಂದು ಪಾಲು ಬೆನ್ನಿನ ಹಲಗೆಮೂಳೆಯದು. ಹಲಗೆಮೂಳೆ ಕೆಳಗೆ ನೆಲೆ ನಿಲ್ಲದಿದ್ದರೆ ಕುತ್ತಿಗೆಯ ಸ್ನಾಯು ಭುಜವನ್ನೇ ಎತ್ತಿಹಿಡಿಯುತ್ತದೆ. ಕಿವಿ ಮತ್ತು ಭುಜದ ನಡುವಿನ ಅಂತರ ಕೈ ಎತ್ತಿದ ಮೇಲೂ ನಾಲ್ಕು ಬೆರಳು ಇರಬೇಕು. ಅರೆಮಂಡಿ ಬೇಡ, ನಿಂತು ಕೈ ಮಾತ್ರ 30 ಸೆಕೆಂಡ್ ಹಿಡಿಸಿ. ಆಗ ಸರಿಯಿದ್ದು, ಅರೆಮಂಡಿಯಲ್ಲಿ ಜೋತರೆ ದೋಷ ಕೈಯದ್ದಲ್ಲ, ಕಾಲು ದಣಿದು ಗಮನ ಕೆಳಗಿಳಿದಿದೆ.

ಹಿಂದೆ ಬಾಗಿದರೆ ಸೊಂಟ ನೋವು

ಬೆಳೆಯುವ ವಯಸ್ಸಿನವರಲ್ಲಿ ಇದನ್ನು ಹಗುರವಾಗಿ ನೋಡಬಾರದು. ಒಂಟಿಗಾಲಲ್ಲಿ ನಿಂತು ಮೆಲ್ಲಗೆ ಹಿಂದೆ ಬಾಗಿದಾಗ ಬೆಲ್ಟು ಕಟ್ಟುವ ಜಾಗದಲ್ಲಿ ಒಂದೇ ಬದಿ ಚುಚ್ಚಿದರೆ, ಅದೂ ಎರಡು ವಾರ ಉಳಿದರೆ, ಬೆನ್ನುಮೂಳೆಯ ಹಿಂದಿನ ಕಮಾನಿನಲ್ಲಿ ಬಿರುಕು ಇದೆಯೇ ಎಂದು ವೈದ್ಯರು ನೋಡಬೇಕು. ಅಲ್ಲಿಯವರೆಗೆ ಹಿಂದೆ ಬಾಗುವುದೂ ಹಾರುವುದೂ ಬೇಡ. ನೋವು ಕಾಲಿಗಿಳಿದು ಪಾದ ಸೋತರೆ, ಒಳತೊಡೆ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ.

ನಿಧಾನಕ್ಕೆ ಸರಿ, ಮೂರನೇ ಕಾಲಕ್ಕೆ ಕೆಡುತ್ತದೆ

ತಾಳ ಬಡಿಯುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60ರಿಂದ 66, 72, 78 ಎಂದು ಏರಿಸುತ್ತಾ ಹೋಗಿ, ಕೆಡುವ ಅಂಕೆಯನ್ನು ಬರೆದಿಡಿ. ಅದೇ ಅಂಕೆಯಲ್ಲಿ ಬಾಯಲ್ಲಿ ಸೊಲ್ಲುಕಟ್ಟು ಮಾತ್ರ ಹೇಳಿಸಿ. ಅಲ್ಲೇ ತಪ್ಪಿದರೆ ಲಯ ಕೂತಿಲ್ಲ, ಕಾಲನ್ನು ದೂರಬೇಡಿ. ಬಾಯಿ ಸರಿಯಿದ್ದು ಕಾಲು ತಪ್ಪಿದರೆ ಕಾಲು ಎಷ್ಟು ಎತ್ತರಕ್ಕೆ ಏಳುತ್ತಿದೆ ನೋಡಿ. ಒಂದನೇ ಕಾಲದಲ್ಲಿ ಹಿಮ್ಮಡಿ ಪೃಷ್ಠದ ಹತ್ತಿರ ಹೋಗಲು ಸಮಯವಿದೆ, ಮೂರರಲ್ಲಿ ಇಲ್ಲ. ಎತ್ತರ ತಗ್ಗಿಸದೆ ವೇಗ ಹೆಚ್ಚಿಸಲು ಹೋದವರ ಮೈ ಪ್ರತಿ ತಟ್ಟಿಗೂ ಮೇಲೆ ಕೆಳಗೆ ಕುಣಿಯುತ್ತದೆ. ಕಾಲು, ಬಾಯಿ ಎರಡೂ ಬೇರೆ ಬೇರೆಯಾಗಿ ಸರಿಯಿದ್ದು ಕೈ ಸೇರಿದಾಗ ಮಾತ್ರ ಕೆಟ್ಟರೆ, ಕೆಟ್ಟ ಅಂಕೆಗಿಂತ 12 ಕೆಳಗಿಳಿದು ಕೈಯನ್ನು ಸೇರಿಸಿ, ಎರಡು ಮೂರು ದಿನಕ್ಕೊಮ್ಮೆ ಆರಾರು ಏರಿಸಿ.